ಸುಣ್ಣದ ಗೀಟು

ಡಾಂಬರು ತಂದ ಹಡಗು ಬೈತಖೋಲಿನಲ್ಲಿ ಕೆಟ್ಟು ನಿಂತ
ಮೂರನೆಯ ದಿನ ಬಂದ. ಹಡಗಿನ ಅಡುಗೆಯವನಂತೆ, ಹೆಸರು ಥ್ಯೆಪ್.
ಸಿಗರೇಟು ಕೇಳಿಯಾನೆಂದು ಹಲಗೆಗೆ ಕೈ ಹಾಕಿದೆ.
ಅವನ ಕಣ್ಣು ಒದ್ದೆ ಗೋಣಿಯ ಕೆಳಗೆ,
ಹೊನ್ನಾವರದ ಎಲೆಯ ಮೇಲೆ.
ಜಾತ್ರೆಯಲ್ಲಿ ಕೈಬಿಟ್ಟುಹೋದ ಮಗು
ತನ್ನವರ ಸೀರೆಯ ಬಣ್ಣ ಕಂಡ ಹಾಗೆ.

'ಚೌ' ಅಂದ,
ದಕ್ಕೆಯ ಮೆಟ್ಟಿಲು ಇಳಿದು ನೀರು ಮುಟ್ಟುವಂತೆ.
ನಾನೂ ಅಂದೆ. ತಲೆ ಅಲ್ಲಾಡಿಸಿದ.
ನನ್ನ ಚೌ ಸಮನೆಲದಲ್ಲೇ ನಿಂತಿತ್ತು.

ಉದ್ರಿ ಪಟ್ಟಿಯ ಕೊನೇ ಪುಟ ಬಿಡಿಸಿದೆ.
ಎಲೆಗೆ ಚೌ. ಅಡಿಕೆಗೆ, ಕಾಗೆ ಕರೆದಂತೆ, ಕಾವ್. ಸುಣ್ಣಕ್ಕೆ ವೋಯ್.
ಮನೆಯಲ್ಲಿ ನಮಗೆ ಪಾನ, ಫೋಪ್ಪಳ, ಚುನೊ;
ಬರೆಯಲಿಕ್ಕೆ ಮಾತ್ರ ಶಾಲೆ ಕಲಿಸಿದ ಕನ್ನಡ.
ಒತ್ತು ಇದೆ, ದೀರ್ಘ ಇದೆ, ಸೊನ್ನೆ ಇದೆ,
ಇಳಿಯುವ ದನಿಗೆ ಗುರುತಿಲ್ಲ.
ಸುಣ್ಣದ ಬೆರಳಲ್ಲೇ ಚೌ ಮೇಲೊಂದು ಗೀಟೆಳೆದೆ,
ಎಡದಿಂದ ಬಲಕ್ಕೆ ಜಾರುವ ಹಾಗೆ.
ಅವನು ನಕ್ಕುಬಿಟ್ಟ. ಅವರ ಬರಹದಲ್ಲೂ ಹಾಗೇ ಅಂತೆ!

ಕವಳ ಕಟ್ಟುವುದಕ್ಕೆ ತೇಮ್.
ಎಲೆಯ ಅಂಚು ಕೊಯ್ದು ಎರಡು ರೆಕ್ಕೆ ಎಬ್ಬಿಸಿ ತೋರಿಸಿದ,
ಮದುವೆಗೆ ಹೀಗೆ.
ನಾನು ಎರಡು ಮಡಿಕೆ, ಒಂದು ಲವಂಗದವಳು.
ಹಾರಿಹೋದೀತು ಮಾರಾಯಾ, ಬಾಯಿಗೆ ಹಾಕು.

ಶಿರಸಿ ಕಡೆಯ ಹೊಸ ಅಡಿಕೆ ಕೊಟ್ಟ ದಿನ
ಹಣೆ ಬೆವೆತು, ಬೆಂಚು ಹಿಡಿದು ಕೂತು
'ಸೈ, ಸೈ' ಅಂದ.
ರುಚಿ ಒಪ್ಪಿತೆಂದು ಇನ್ನೊಂದು ಹೋಳು ಕೊಟ್ಟೆ.
ಬರೆದುಕೊಂಡದ್ದು ಆಮೇಲೆ:
ಸೈ, ಅಂದರೆ ತಲೆ ಗಿರ್ರನೆ ತಿರುಗುವುದು.

ಎಂಜಿನ್ ಕೋಣೆಯ ಹುಡುಗನೊಬ್ಬ, ಅವನ ಮೊಬೈಲು,
ಇವರ ನಡುವೆ ಒಂದು ಸಂಜೆ ಅವನ ಅಜ್ಜಿಯ ಸುಣ್ಣದ ಗಡಿಗೆಯೂ ಬಂತು.
ಕಡ್ಡಿ ಒರೆಸಿ ಒರೆಸಿ ಬಾಯಿಯ ಸುತ್ತ ಸುಣ್ಣ ಬೆಳೆಯುತ್ತದೆ,
ವರ್ಷ ವರ್ಷ ಬಾಯಿ ಸಣ್ಣ,
ಒಂದು ದಿನ ಕಡ್ಡಿ ಹೋಗುವುದಿಲ್ಲ.
ಅದನ್ನು ಎಸೆಯುವಂತಿಲ್ಲ. ಹೆಸರಿಗೆ ಮುಂಚೆ 'ಓಂಗ್' ಸೇರಿಸಿ,
ಅಜ್ಜ ಅಂತ, ಆಲದ ಬೇರಿಗೆ ಒಪ್ಪಿಸಿ ಬರುತ್ತಾರೆ.
ನನ್ನದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ಹಾಕಿದೆ, ಸುಮ್ಮನೆ.

ಒಂದು ಮಾತು ಪಟ್ಟಿಯಲ್ಲಿ ಬರೆದಿಲ್ಲ.
ಎಲ್ಲರಿಗೂ ಹತ್ತು ರೂಪಾಯಿಯ ಕವಳ
ಅವನಿಗೆ ಹದಿನೈದು. ಮೊದಲ ದಿನದಿಂದಲೂ.

ಕೊನೆಯ ವಾರ ಸುಣ್ಣ ತೋರಿಸಿ 'ಬಾಕ್' ಅಂದ.
ನನ್ನ ತಲೆ ತೋರಿಸಿ, ಬಾಕ್.
ನಾನು ಎಣಿಸಿಟ್ಟ ಚಿಲ್ಲರೆ ತೋರಿಸಿ, ಬಾಕ್.
ಬಿಳಿ, ನರೆ, ಬೆಳ್ಳಿ ಎಂದು ಬರೆದೆ.
ಗೀಟಿಗೆ ಬೆರಳೆತ್ತಿದರೆ ತಡೆದ:
ಇದಕ್ಕೆ ಗೀಟಲ್ಲ, ಅಡಿಯಲ್ಲೊಂದು ಚುಕ್ಕೆ,
ದನಿ ಗಕ್ಕನೆ ನಿಲ್ಲುತ್ತದೆ.

ಹಡಗು ಹೊರಡುವ ಬೆಳಿಗ್ಗೆ ಆ ಹುಡುಗ ನೀರಿನ ಬಾಟ್ಲಿಗೆ ಬಂದ.
ಪುಟ ತೋರಿಸಿ ಬಾಕ್ ಓದಿ ಹೇಳಿದೆ. ಏನೋ ಒತ್ತಿದ. ಮೊಬೈಲು
ವಾರ್ತೆ ಓದುವವಳ ಕನ್ನಡದಲ್ಲಿ ಅಂದಿತು:
'ಸುಣ್ಣದಂತೆ. ಕೃತಘ್ನ. ನಂಬಿದವರನ್ನು ಕೈಬಿಡುವವರು.'

ಒಂದು ಕಣ್ಣಿಗೆ ಬೆಣ್ಣೆ.
ಇನ್ನೊಂದಕ್ಕೆ ನಮ್ಮಲ್ಲೂ ಅದೇ ಅಲ್ಲವೇ.

ಅವನು ಅಂದದ್ದು ಯಾವ ಬಾಕ್?
ನರೆಯದೇ ಇರಬಹುದು, ಪಾಪ, ನನಗಿಂತ ಅವನ ತಲೆಯೇ ಬೆಳ್ಳಗೆ.
ಅಡಿಕೆಗೆ ಹೋದ ಮಾನಕ್ಕೆ ಆನೆ ಎಲ್ಲಿಂದ ತರಲಿ,
ಮೂವತ್ತೈದು ಕವಳ, ನೂರಾ ಎಪ್ಪತ್ತೈದು ರೂಪಾಯಿ,
ಒಂದು ಕಟ್ಟು ಎಲೆಯೊಳಗೆ ಮಡಚಿ ಹುಡುಗನ ಕೈಯಲ್ಲಿಟ್ಟೆ.
ಮುಟ್ಟಿಸಿದನೋ, ದಾರಿಯಲ್ಲಿ ಐಸ್‌ಕ್ರೀಮು ತಿಂದನೋ.
ಒಂದು ಕವಳ ನುರಿಯುವಷ್ಟರಲ್ಲಿ
ಹಡಗು ದೀಪಸ್ತಂಭದ ಗುಡ್ಡದ ಆಚೆ.

ಮೊನ್ನೆ ಯಾರದೋ ಬಾಕಿ ಹುಡುಕುತ್ತ ಆ ಪುಟ ಬಿಡಿಸಿದೆ.
ಸುಣ್ಣ ಒಣಗಿ, ಚೌ ಮೇಲಿನ ಗೀಟು
ಹಿಟ್ಟಾಗಿ ಮಡಿಲಿಗೆ ಉದುರಿತು.
ಓದಿಕೊಂಡೆ. ಮತ್ತೆ ಸಮನೆಲ.
ಬಾಕ್ ಅಡಿಯ ಚುಕ್ಕೆ ಮಾತ್ರ
ಕಾಗದ ಸುಟ್ಟು, ಹಳದಿಯಾಗಿ, ಅಲ್ಲೇ ಕೂತಿದೆ.